ಹೊಲದ ದಾರಿಯನ್ನು ಕೂಡಿ ಕಾಪಾಡುವುದು

(ಟಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ರೈತರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಬೀಜ, ಗೊಬ್ಬರ, ಔಷಧಿ, ನೀರು ಇವುಗಳ ಬಗ್ಗೆ ಇಂಥ ಸಭೆಗಳಲ್ಲಿ ಮೇಲಿಂದ ಮೇಲೆ ಚರ್ಚೆ ನಡೆಯುತ್ತದೆ. ಇವೆಲ್ಲವೂ ಹೊಲ ಮುಟ್ಟುವುದು ದಾರಿಯ ಮೇಲೆಯೇ. ಬೆಳೆದ ಮಾಲು ಊರು ಸೇರುವುದೂ ಅದರ ಮೇಲೆಯೇ. ಆದರೂ ಬೇಸಾಯ ಶಾಸ್ತ್ರದ ಪುಸ್ತಕಗಳಲ್ಲಿ ಹೊಲದ ದಾರಿಗೆ ಒಂದು ಪುಟ ಮೀಸಲಿಟ್ಟದ್ದು ಅಪರೂಪ. ಚಕ್ಕಡಿ, ಟ್ರ್ಯಾಕ್ಟರ್, ದನ, ಕುರಿ, ಕುದುರೆ ಎಲ್ಲವೂ ಓಡಾಡುವ ಮಣ್ಣಿನ ದಾರಿಯನ್ನು ಬಳಸುವವರೇ ಸ್ವಂತ ಇಚ್ಛೆಯಿಂದ ಕೂಡಿ ಕಾಪಾಡಿಕೊಳ್ಳುವುದು ಹೇಗೆ ಎಂಬುದೇ ಇಂದಿನ ವಿಷಯ.

ವಿಜಯಪುರದ ಸರಾಸರಿ ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಮಾತ್ರ. ಇಷ್ಟು ಕಡಿಮೆ ಮಳೆಯ ಸೀಮೆಯಲ್ಲಿ ಕೆಸರಿನ ಚಿಂತೆ ಏಕೆ ಎಂದು ಹೊರಗಿನವರು ಕೇಳಬಹುದು. ಎರಿ ಭೂಮಿಯಲ್ಲಿ ಬಾಳುವವರು ಹಾಗೆ ಕೇಳುವುದಿಲ್ಲ. ಈ ಮಳೆಯ ಬಹುಪಾಲು ಕೆಲವೇ ದಿನಗಳಲ್ಲಿ ರಭಸದಿಂದ ಬೀಳುತ್ತದೆ. ಅದರಲ್ಲೂ ಸೆಪ್ಟೆಂಬರ್ ತಿಂಗಳು ಹೆಚ್ಚಿನ ಮಳೆಯ ತಿಂಗಳು. ಹಿಂಗಾರಿ ಜೋಳ, ಕಡಲೆ ಬಿತ್ತುವ ಕಾಲವೂ ಅದಕ್ಕೆ ಹತ್ತಿಕೊಂಡೇ ಇದೆ. ಹೊಲ ಹದಕ್ಕೆ ಬಂದಿದ್ದರೂ ದಾರಿ ಹದಕ್ಕೆ ಬಂದಿರುವುದಿಲ್ಲ. ಕೂರಿಗೆ ಹೂಡಬೇಕಾದ ದಿನ ಬೀಜ, ಗೊಬ್ಬರ ಹೇರಿದ ಗಾಡಿ ಗುಂಬದವರೆಗೆ ಹೂತು ನಿಂತರೆ ಆ ದಿನದ ಹಸಿ ಮತ್ತೆ ಸಿಗುವುದಿಲ್ಲ.

ದ್ರಾಕ್ಷಿ ಬೆಳೆಗಾರರ ಕಷ್ಟ ಇದಕ್ಕಿಂತ ಹೆಚ್ಚಿನದು. ಬಿಜ್ಜರಗಿ, ಹೊನವಾಡ, ಬಾಬಾನಗರ, ಕನಮಡಿ ಈ ಸುತ್ತಿನಲ್ಲಿ ದ್ರಾಕ್ಷಿ ಮತ್ತು ಒಣದ್ರಾಕ್ಷಿಯೇ ಅನೇಕ ಮನೆಗಳ ಆಧಾರ. ಅಕ್ಟೋಬರ್ ಚಾಟನಿ ಆದ ಮೇಲೆ ಎಳೆ ಚಿಗುರಿನ ಮೇಲೆ ಮಳೆ ಬಂದರೆ ಬೆಳೆಗಾರರು ಡೌನಿ ಎಂದು ಕರೆಯುವ ಬೂಜು ತುಪ್ಪಟ ರೋಗ ಹಬ್ಬುತ್ತದೆ. ಮಳೆ ನಿಂತ ಕೂಡಲೆ ಸಿಂಪರಣೆ ಆಗಬೇಕು. ಒಂದೆರಡು ದಿನ ತಡವಾದರೆ ಗೊನೆಯೇ ಕೈಬಿಟ್ಟು ಹೋಗಬಹುದು. ಸಿಂಪರಣೆಯ ಟ್ಯಾಂಕು ಹೇರಿದ ಟ್ರ್ಯಾಕ್ಟರ್ ದಾರಿಯಲ್ಲೇ ಸಿಕ್ಕಿಕೊಂಡರೆ ಔಷಧಿ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ. ಕೆಟ್ಟ ದಾರಿಯಿಂದ ಆಗುವ ಹಾನಿಯನ್ನು ಯಾರೂ ಖರ್ಚಿನ ಲೆಕ್ಕದಲ್ಲಿ ಬರೆದಿಡುವುದಿಲ್ಲ. ಆ ವರ್ಷ ರೋಗ ಬಂತು ಎಂದಷ್ಟೇ ನೆನಪಿಟ್ಟುಕೊಳ್ಳುತ್ತಾರೆ.

ಈ ದಾರಿಯ ಮೇಲೆ ಇನ್ನೂ ಒಬ್ಬರ ಹಕ್ಕಿದೆ. ಕುದುರೆ ಎಂದೊಡನೆ ವಿಜಯಪುರದ ಜನಕ್ಕೆ ಪಟ್ಟಣದ ಟಾಂಗಾ ನೆನಪಿಗೆ ಬರುತ್ತದೆ, ಓದಿದವರಿಗೆ ಆದಿಲಶಾಹಿ ಕಾಲದ ಸವಾರರು ನೆನಪಾಗುತ್ತಾರೆ. ಹಳ್ಳಿಯ ಹೊಲದ ದಾರಿಯಲ್ಲಿ ಕಾಣುವ ಕುದುರೆ ಕುರಿಗಾಹಿಗಳದು. ಜೋಳದ ಸುಗ್ಗಿ ಮುಗಿದು ಹೊಲಗಳು ತೆರವಾದಾಗ ಕುರಿ ಹಿಂಡಿನ ಸಂಗಡ ಸಣ್ಣ ಗಾತ್ರದ ಗಟ್ಟಿ ಕುದುರೆಗಳು ಬರುತ್ತವೆ. ಡೇರೆಯ ಬಟ್ಟೆ, ಪಾತ್ರೆ ಪಡಗ, ಹಿಟ್ಟು, ನಡೆಯಲಾರದ ಎಳೆ ಮರಿ, ಕೋಳಿ, ಕೆಲವು ಸಲ ಕೂಸು ಕೂಡ ಅವುಗಳ ಬೆನ್ನಿನ ಮೇಲೆಯೇ. ಭೀಮಾ ತೀರದಲ್ಲಿ ಧನಗರರು ಸಾಕಿಕೊಂಡು ಬಂದ ಭೀಮಥಡಿ ಎಂಬ ಇಂಥದೇ ಕುದುರೆಯನ್ನು ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ. ಇದು ಮೆರವಣಿಗೆಯ ಕುದುರೆಯಲ್ಲ, ದುಡಿಯುವ ಕುದುರೆ.

ಕುರಿ ಹಿಂಡು ಹೊಲದಲ್ಲಿ ರಾತ್ರಿ ನಿಂತರೆ ಹಿಕ್ಕೆ ಮತ್ತು ಮೂತ್ರ ಎರಡೂ ನೇರವಾಗಿ ಮಣ್ಣಿಗೆ ಸೇರುತ್ತವೆ. ಹೇರುವ ಕೂಲಿ ಇಲ್ಲ, ಹರಡುವ ಕೂಲಿ ಇಲ್ಲ. ಅದಕ್ಕಾಗಿಯೇ ಹಿರಿಯರು ಕುರಿಗಾರರಿಗೆ ಕಾಳು ಕೊಟ್ಟು ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಕೊಟ್ಟಿಗೆ ಗೊಬ್ಬರ ಕೊಂಡು ತರುವ ಈ ಕಾಲದಲ್ಲಿ ಅದರ ಬೆಲೆ ಮತ್ತಷ್ಟು ಏರಿದೆ. ಆದರೆ ದಾರಿಯ ಎರಡೂ ಬದಿಗೆ ಮುಳ್ಳುತಂತಿ ಬಂದು, ನಡುವೆ ಜಾಲಿ ಬೆಳೆದು, ಹೇರು ಹೊತ್ತ ಕುದುರೆ ನುಸುಳದಂತಾದರೆ ಕುರಿಗಾರರು ಬೇರೆ ಊರಿನ ದಾರಿ ಹಿಡಿಯುತ್ತಾರೆ. ಅವರ ಸಂಗಡ ಗೊಬ್ಬರವೂ ಹೋಗುತ್ತದೆ.

ಇಂಥ ದಾರಿಗಳನ್ನು ಬಳಸುವವರೇ ಕಾಪಾಡುವ ಪದ್ಧತಿ ಬೇರೆ ದೇಶಗಳಲ್ಲಿಯೂ ಇದೆ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ 1973ರಲ್ಲಿ ಕೆಲವು ಕುದುರೆ ಸವಾರರು ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್ ಎಂಬ ಸಂಘ ಕಟ್ಟಿದರು. ಗುಡ್ಡಗಾಡಿನ ಕುದುರೆ ದಾರಿಗಳಲ್ಲಿ ಬಿದ್ದ ಮರ ತೆಗೆಯುವುದು, ನೀರು ಹೊರಗೆ ಹಾಕುವುದು, ಸಲಕರಣೆಗಳನ್ನು ಕುದುರೆ, ಹೇಸರಗತ್ತೆಗಳ ಮೇಲೆ ಹೇರಿಕೊಂಡು ಹೋಗುವುದು ಇವನ್ನೆಲ್ಲ ಅವರು ಕೂಲಿಯಿಲ್ಲದೆ ಮಾಡುತ್ತಾರೆ. ಮುಂದೆ ಈ ಸಂಘ ಅನೇಕ ರಾಜ್ಯಗಳಿಗೆ ಹಬ್ಬಿತು. ಇಂಗ್ಲೆಂಡಿನಲ್ಲಿ ಹೊಲಗಳ ನಡುವೆ ಕುದುರೆ ಹೋಗುವ ದಾರಿಗಳನ್ನು ನಕಾಶೆಯಲ್ಲಿ ಗುರುತಿಸಿದ್ದಾರೆ. ಅಲ್ಲಿಯ ಕಾಯಿದೆಯೊಂದು ಇಲ್ಲಿಯ ರೈತರ ಗಮನಕ್ಕೆ ಬರುವಂಥದು. ಹೊಲದ ನಟ್ಟನಡುವೆ ಹಾಯುವ ದಾರಿಯನ್ನು ಬಿತ್ತನೆಗಾಗಿ ಅನಿವಾರ್ಯವಾಗಿ ಉಳಬೇಕಾಗಿ ಬಂದರೆ ಹೊಲದ ಒಡೆಯ 14 ದಿನಗಳೊಳಗೆ ಅದನ್ನು ಮೊದಲಿನಂತೆ ಮಾಡಿಕೊಡಬೇಕು. ಕುದುರೆ ದಾರಿಯಾದರೆ ಕನಿಷ್ಠ 2 ಮೀಟರ್ ಅಗಲ ಬಿಡಬೇಕು. ಹೊಲದ ಅಂಚಿಗೆ ಇರುವ ದಾರಿಯನ್ನಂತೂ ಉಳುವಂತೆಯೇ ಇಲ್ಲ.

ಇಲ್ಲಿಯ ಕಥೆ ಬೇರೆ. ವರ್ಷಕ್ಕೆ ಒಂದು ಸಾಲು ರೆಂಟೆ ದಾರಿಯ ಕಡೆ ಸರಿಯುತ್ತದೆ. ಒಂದು ಸಾಲಿಗೆ ಯಾರೂ ಜಗಳ ತೆಗೆಯುವುದಿಲ್ಲ. ಹತ್ತು ವರ್ಷಕ್ಕೆ ಎದುರುಬದುರು ಎರಡು ಚಕ್ಕಡಿ ಹಾಯುತ್ತಿದ್ದಲ್ಲಿ ಒಂದು ಹಾಯುವುದೂ ಕಷ್ಟವಾಗುತ್ತದೆ. ಒತ್ತಿದವನು ಗಳಿಸಿದ್ದೆಷ್ಟು? ಒಂದು ಅಡಿ ಅಗಲ, ನೂರು ಮೀಟರ್ ಉದ್ದ ಒತ್ತಿದರೂ ಮುಕ್ಕಾಲು ಗುಂಟೆ ಆಗುವುದಿಲ್ಲ. ಅದೂ ಗಾಲಿ ತುಳಿದು ಗಟ್ಟಿಯಾದ ನೆಲ, ಜೋಳ ಹಾಕಿದರೆ ದಂಟು ಸಹ ನೆಟ್ಟಗೆ ಬಾರದು. ಇಷ್ಟಕ್ಕಾಗಿ ಹಿಂದಿನ ಹತ್ತು ಹೊಲಗಳ ಬಾಯಿ ಕಟ್ಟುವುದು ಬೇಸಾಯದ ಲೆಕ್ಕಕ್ಕೂ ಸರಿಯಲ್ಲ.

ಆದ್ದರಿಂದ ಸಲಿಕೆ ಹಿಡಿಯುವ ಮೊದಲು ಗ್ರಾಮ ನಕಾಶೆ ನೋಡಬೇಕು. ಅದರಲ್ಲಿ ಬಂಡಿ ದಾರಿಯನ್ನು ಜೋಡಿ ಚುಕ್ಕೆ ಗೆರೆಯಿಂದಲೂ ಕಾಲುದಾರಿಯನ್ನು ಒಂಟಿ ಚುಕ್ಕೆ ಗೆರೆಯಿಂದಲೂ ತೋರಿಸಿರುತ್ತಾರೆ. ನಕಾಶೆಯಲ್ಲಿ ಇಲ್ಲದಿದ್ದರೂ ಮತ್ತೊಬ್ಬರ ಹೊಲದೊಳಗಿಂದ 20 ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕೆಂದು ನಡೆದುಬಂದ ದಾರಿಗೆ 1882ರ ಈಸ್‌ಮೆಂಟ್ ಕಾಯಿದೆಯಲ್ಲಿ ಮಾನ್ಯತೆ ಇದೆ. ಇದನ್ನು ಹೇಳುವುದು ಕೋರ್ಟಿನ ದಾರಿ ತೋರಿಸುವುದಕ್ಕಲ್ಲ. ಎರಡೂ ಬದಿಯ ಒಡೆಯರು ಒಟ್ಟಿಗೆ ನಿಂತು, ಹಗ್ಗ ಹಿಡಿದು ಅಳೆದು, ದಾರಿಯ ಅಂಚಿಗೆ ಕಲ್ಲು ನೆಟ್ಟುಕೊಂಡ ಮೇಲೆಯೇ ಶ್ರಮದಾನ ಪ್ರಾರಂಭವಾಗಬೇಕು. ಅಳತೆ ಇಲ್ಲದೆ ಪ್ರಾರಂಭವಾದ ಕೆಲಸ ಮೊದಲ ಬುಟ್ಟಿ ಮಣ್ಣಿಗೇ ಜಗಳವಾಗಿ ನಿಲ್ಲುವ ಸಂಭವ ಹೆಚ್ಚು.

ಈಗ ಮಣ್ಣಿನ ಗುಣವನ್ನು ನೋಡೋಣ. ಆಳವಾದ ಎರಿ ಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಜಿಗುಟು ಕಣವೇ ಇರುತ್ತದೆ. ನೀರು ಕುಡಿದರೆ ಅದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬೆಳೆಗೆ ಇದು ವರ, ದಾರಿಗೆ ಶಾಪ. ಗೊರಸು ಮತ್ತು ಗಾಲಿ ತುಳಿದ ಮಣ್ಣು ಪುಡಿಯಾಗಿ ಬೇಸಿಗೆಯ ಗಾಳಿಗೆ ಹಾರುತ್ತದೆ, ಮಳೆಗೆ ಕೊಚ್ಚಿ ಹೋಗುತ್ತದೆ. ಹೀಗಾಗಿ ದಾರಿ ವರ್ಷವರ್ಷ ತಗ್ಗಾಗಿ ಎರಡೂ ಬದಿಯ ಹೊಲಗಳಿಗಿಂತ ಕೆಳಗಿಳಿಯುತ್ತದೆ. ಆಗ ಹೊಲಗಳ ನೀರೆಲ್ಲ ದಾರಿಗೇ ಬರುತ್ತದೆ. ಹಳ್ಳವಾದ ದಾರಿಯನ್ನು ಬಿಟ್ಟು ಗಾಡಿಗಳು ಪಕ್ಕದ ಹೊಲಕ್ಕೆ ಹತ್ತುತ್ತವೆ. ಹೊಲದವನು ಮುಳ್ಳು ಹಚ್ಚುತ್ತಾನೆ. ದಾರಿಯ ಬಹುತೇಕ ಜಗಳಗಳ ಮೂಲದಲ್ಲಿ ಇರುವುದು ನಿಂತ ನೀರು.

ದಾರಿ ಕೆಟ್ಟಾಗ ಜನರಿಗೆ ಮೊದಲು ಹೊಳೆಯುವುದು ಗರಸು. ನಾಲ್ಕು ಟ್ರಾಲಿ ಗರಸು ಹಾಕಿಸಿದರೆ ಕೆಲಸ ಮುಗಿಯಿತೆಂಬ ಭಾವನೆ ಇದೆ. ನೀರು ಹೊರಗೆ ಹೋಗದ ದಾರಿಗೆ ಹಾಕಿದ ಗರಸು ಹೆಚ್ಚು ಕಾಲ ಉಳಿಯುವುದಿಲ್ಲ. ದಪ್ಪ ಕಲ್ಲನ್ನು ನೇರವಾಗಿ ಕೆಸರಿಗೆ ತುಂಬಿದರಂತೂ ಗಾಲಿಯ ಭಾರಕ್ಕೆ ಕಲ್ಲು ಕೆಳಗಿಳಿದು ಕೆಸರು ಮೇಲೆ ಬರುತ್ತದೆ. 2005ರ ಉದ್ಯೋಗ ಖಾತರಿ ಕಾಯಿದೆಯಡಿ ರಾಜ್ಯದಲ್ಲಿ ‘ನಮ್ಮ ಹೊಲ ನಮ್ಮ ದಾರಿ’ ಎಂಬ ಹೆಸರಿನಲ್ಲಿ ಅನೇಕ ಹೊಲದ ದಾರಿಗಳಾದವು. ಇಂಥ ಯಾವುದೇ ಯೋಜನೆ ದಾರಿಯನ್ನು ಮಾಡಿಕೊಡಬಹುದು. ಮಳೆ ಬರುವ ರಾತ್ರಿ ಬದಿಗಾಲುವೆಗೆ ಸಿಕ್ಕಿದ ದಂಟಿನ ಸಿವುಡನ್ನು ತೆಗೆಯಲು ಯೋಜನೆ ಬರುವುದಿಲ್ಲ. ಅಲ್ಲಿಂದ ಮುಂದಿನದು ಊರಿನವರ ಕೆಲಸ.

ದಾರಿಯ ಅಗಲ 10 ಅಡಿ ಎಂದು ಇಟ್ಟುಕೊಂಡರೆ ನಟ್ಟನಡುವಿನ ಭಾಗ ಅಂಚಿಗಿಂತ ನಾಲ್ಕು ಬೆರಳು, ಅಂದರೆ ಸುಮಾರು 6 ಸೆಂ.ಮೀ. ಎತ್ತರ ಇರಬೇಕು. ಆಮೆಯ ಬೆನ್ನಿನಂತೆ ಇದ್ದರೆ ನೀರು ಎರಡೂ ಕಡೆ ಜಾರುತ್ತದೆ. ಎರಡೂ ಬದಿಗೆ ಮೇಲೆ ಒಂದೂವರೆ ಅಡಿ ಅಗಲ, ಒಂದು ಅಡಿ ಆಳದ ಬದಿಗಾಲುವೆ ತೋಡಿ, ಆ ಮಣ್ಣನ್ನೇ ನಡುವಿಗೆ ಎಳೆಯಬೇಕು. ಕಾಲುವೆಯ ಗೋಡೆ ನೆಟ್ಟಗಿದ್ದರೆ ಎರಿ ಮಣ್ಣು ಕುಸಿಯುತ್ತದೆ, ಇಳಿಜಾರಾಗಿ ಕಡಿಯಬೇಕು. ಎಳೆದ ಮಣ್ಣು ಹೆಂಟೆಯಾಗಿದ್ದರೆ ಕೂಡಿಕೊಳ್ಳುವುದಿಲ್ಲ. ಹಸಿಯಾಗಿದ್ದರೆ ಗಾಲಿಗೆ ಅಂಟಿಕೊಂಡು ಎದ್ದು ಬರುತ್ತದೆ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ಆದರೆ ಅಂಗೈಗೆ ಮೆತ್ತಿಕೊಳ್ಳಬಾರದು. ಆ ಹದ ಸಿಗುವುದು ಮೇ ತಿಂಗಳಲ್ಲಿ ಅಡ್ಡಮಳೆ ಬಿದ್ದ ಎರಡು ಮೂರು ದಿನಗಳ ನಂತರ. ಆಗ ಹೊಲದ ಕೆಲಸವೂ ಕಡಿಮೆ. ಖಾಲಿ ಟ್ರ್ಯಾಕ್ಟರನ್ನು ನಾಲ್ಕಾರು ಸಲ ಹಿಂದೆ ಮುಂದೆ ಓಡಿಸಿದರೆ ನೆಲ ಕೂಡುತ್ತದೆ.

ಇಳಿಜಾರಿನಲ್ಲಿ ಬದಿಗಾಲುವೆ ಮಾತ್ರ ಸಾಲದು. ನೀರು ದಾರಿಯ ಉದ್ದಕ್ಕೂ ಗಾಲಿಯ ಗೀರಿನಲ್ಲಿ ಓಡುತ್ತದೆ. ಅದನ್ನು ಅಲ್ಲಲ್ಲಿ ಅಡ್ಡಗಟ್ಟಿ ಹೊರಗೆ ಹಾಕಬೇಕು. ದಾರಿಗೆ ಓರೆಯಾಗಿ, ಕೆಳಗಿನ ಬದಿಗೆ ವಾಲಿದಂತೆ, ಅಗಲವಾದ ದುಂಡನೆಯ ದಿಬ್ಬವನ್ನೂ ಅದರ ಮೇಲ್ಗಡೆ ಆಳವಿಲ್ಲದ ತಗ್ಗನ್ನೂ ಮಾಡುವುದು ಇದರ ಕ್ರಮ. ನೂರಕ್ಕೆ ಎರಡರಷ್ಟು ಇಳಿಜಾರು ಇದ್ದಲ್ಲಿ ಸುಮಾರು 75 ಮೀಟರಿಗೊಂದು, ಐದರಷ್ಟು ಇದ್ದಲ್ಲಿ 40 ಮೀಟರಿಗೊಂದು, ಹತ್ತರಷ್ಟು ಇದ್ದಲ್ಲಿ 25 ಮೀಟರಿಗೊಂದು ಸಾಕು. ದಿಬ್ಬ ಮೊನಚಾಗಿದ್ದರೆ ಹೇರು ಹೊತ್ತ ಕುದುರೆ ಎಡವುತ್ತದೆ, ಚಕ್ಕಡಿಯ ಅಚ್ಚು ಪೆಟ್ಟು ತಿನ್ನುತ್ತದೆ, ಒಂದೇ ತಿಂಗಳಲ್ಲಿ ಯಾರೋ ಅದನ್ನು ಕಡಿದು ಹಾಕುತ್ತಾರೆ. ಆದ್ದರಿಂದ ಎತ್ತು ನಿಲ್ಲದೆ ದಾಟುವಷ್ಟು ಸಲೀಸಾಗಿರಬೇಕು.

ಹೊರಹಾಕಿದ ನೀರು ಯಾರ ಹೊಲಕ್ಕೆ? ಇಲ್ಲಿಯೇ ಸಭೆಗಳು ಮುರಿಯುತ್ತವೆ. ಒಂದು ಕಿಲೋಮೀಟರ್ ಉದ್ದ, 10 ಅಡಿ ಅಗಲದ ದಾರಿಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 75 ಸಾವಿರ ಲೀಟರ್ ನೀರು. ಅರ್ಧವೇ ಹರಿಯಿತೆಂದರೂ 37 ಸಾವಿರ ಲೀಟರ್ ಆಯಿತು. ಇದನ್ನೆಲ್ಲ ಒಬ್ಬನ ಹೊಲಕ್ಕೆ ಒಂದೇ ಬಾಯಿಯಿಂದ ಬಿಟ್ಟರೆ ಒಡ್ಡು ಒಡೆಯುತ್ತದೆ, ಅವನು ತಕರಾರು ಮಾಡುವುದು ನ್ಯಾಯವೇ. ಅದನ್ನೇ ಹತ್ತು ಹದಿನೈದು ಬಾಯಿಗಳಲ್ಲಿ ಹಂಚಿ, ಪ್ರತಿ ಬಾಯಿಗೆ ನಾಲ್ಕು ಕಲ್ಲು ಜೋಡಿಸಿ, ಚೌಕು ಮಡಿ ಕಟ್ಟಿದ ಹೊಲಗಳಿಗೆ ಬಿಟ್ಟರೆ ಅದು ಹಿಂಗಾರಿ ಜೋಳಕ್ಕೆ ಹಸಿಯಾಗಿ ನಿಲ್ಲುತ್ತದೆ. 1930ರ ದಶಕದಲ್ಲಿ ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ ಪ್ರಾರಂಭವಾದಂದಿನಿಂದ ಈ ಸೀಮೆಗೆ ಹೇಳುತ್ತ ಬಂದಿರುವ ಪಾಠವೇ ಇದು: ಬಿದ್ದ ನೀರನ್ನು ಬಿದ್ದಲ್ಲಿಯೇ ಹಿಡಿಯಬೇಕು. ಕೃಷಿ ಹೊಂಡ ಇದ್ದವರು ದಾರಿಯ ನೀರನ್ನು ಕೇಳಿ ಪಡೆಯುವುದೂ ಉಂಟು. ಆದರೆ ಹೊಂಡದ ಬಾಯಿಗೆ ಹೂಳು ತಡೆಯುವ ಸಣ್ಣ ಗುಂಡಿ ಇರಲೇಬೇಕು.

ಗರಸು ಬೇಕಾದದ್ದು ಇಷ್ಟೆಲ್ಲ ಆದ ಮೇಲೆ, ಅದೂ ಸರುವು ದಾಟುವ ಜಾಗ, ಹೊಲದ ಬಾಯಿ, ನೆರಳಿನಲ್ಲಿ ಒಣಗದ ಜಾಗ ಇಂಥ ಕಡೆ ಮಾತ್ರ. ನಾಲ್ಕರಿಂದ ಆರು ಅಂಗುಲ ಹಾಕಿ ನೀರು ಚಿಮುಕಿಸಿ ಬಡಿಯಬೇಕು. ಒಡೆದ ಜಲ್ಲಿಯನ್ನು ಬರಿದೇ ಹರಡಬಾರದು. ಅದರ ಚೂಪು ಅಂಚು ಕುದುರೆಯ ಗೊರಸನ್ನೂ ಎತ್ತಿನ ಗೊರಸನ್ನೂ ಕುರಿಯ ಕಾಲನ್ನೂ ನೋಯಿಸುತ್ತದೆ.

ಮುಳ್ಳಿನ ವಿಷಯ. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡದ ಬದಲು ಹತ್ತು ಚಿಗುರುತ್ತವೆ. ಮಣ್ಣು ಬಿಡಿಸಿ ಬುಡದ ಗಂಟಿನ ಕೆಳಗೆ ಕಡಿಯಬೇಕು. ಕಾಯಿ ಬಲಿಯುವ ಮುಂಚೆ ಕಡಿಯುವುದು ಮುಖ್ಯ, ಏಕೆಂದರೆ ಕುರಿ, ಆಡು ಕಾಯಿ ತಿಂದು ಹಿಕ್ಕೆಯ ಮೂಲಕ ಬೀಜವನ್ನು ಹೊಲಕ್ಕೆ ಹಂಚುತ್ತವೆ. ಕಡಿದ ಮುಳ್ಳನ್ನು ದಾರಿಯಲ್ಲಿ ಬಿಡದೆ ಒಂದೆಡೆ ಒಟ್ಟಬೇಕು. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲು, ಮಳೆಯಿಂದ ನೆಲ ಮೆತ್ತಗಿರುವಾಗ ಕೈಗವಸು ಹಾಕಿಕೊಂಡು ಕೀಳಬೇಕು. ಬದಿಗಾಲುವೆಯ ದಂಡೆಗೆ ಲಾವಂಚ ಹಚ್ಚಿದರೆ ಮಣ್ಣು ಹಿಡಿದು ನಿಲ್ಲುತ್ತದೆ. ಬೇವಿನ ಗಿಡಗಳು ಇರಲಿ, ಆದರೆ ಅಡ್ಡಕ್ಕೆ ಬಾಗಿದ ಕೊಂಬೆಗಳನ್ನು ಹತ್ತು ಅಡಿ ಎತ್ತರದವರೆಗೆ ಸವರಬೇಕು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಮಕ್ಕಳು ಮರಿ ತುಂಬಿಕೊಂಡು ಹೊರಟ ಚಕ್ಕಡಿಯಲ್ಲಿ ನಿಂತವರ ತಲೆಗೂ ಅಷ್ಟು ಎತ್ತರ ಬೇಕು.

ದ್ರಾಕ್ಷಿ ತೋಟದವರಿಗೆ ಎರಡು ಮಾತು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಸಾಲಿನ ಕೊನೆಯ ಕಂಬವನ್ನು ಜಗ್ಗಿ ಹಿಡಿಯುವ ತಂತಿಯನ್ನು ಕೆಲವರು ದಾರಿಯ ಅಂಚಿನೊಳಗೇ ಹೂಳುತ್ತಾರೆ. ನಸುಕಿನಲ್ಲಿ ಅದು ಮನುಷ್ಯನಿಗೂ ಕಾಣುವುದಿಲ್ಲ, ಕುದುರೆಗೂ ಕಾಣುವುದಿಲ್ಲ. ಕಾಲು ಮುರಿದ ಕುದುರೆ ಸಾಮಾನ್ಯವಾಗಿ ಮತ್ತೆ ದುಡಿಯುವುದಿಲ್ಲ, ಕುರಿಗಾರನ ಸಂಸಾರವೇ ದಾರಿಯಲ್ಲಿ ಕೂಡಬೇಕಾಗುತ್ತದೆ. ಕಂಬವನ್ನು ಆರು ಅಡಿ ಒಳಗೆ ತೆಗೆದುಕೊಂಡರೆ ಹೋಗುವುದು ಸಾಲಿಗೊಂದು ಬಳ್ಳಿ. ಎರಡನೆಯದು, ಸಿಂಪರಣೆಯ ಟ್ಯಾಂಕನ್ನು ದಾರಿಯ ತಗ್ಗಿನಲ್ಲಿ ತೊಳೆಯಬಾರದು. ಬೋರ್ಡೋ ದ್ರಾವಣದಲ್ಲಿರುವ ತಾಮ್ರವನ್ನು ಇತರ ಜಾನುವಾರುಗಳಿಗಿಂತ ಕುರಿ ಬಹಳ ಕಡಿಮೆ ತಾಳಿಕೊಳ್ಳುತ್ತದೆ. ಆ ನೀರು ಕುಡಿದ, ಆ ಹುಲ್ಲು ಮೇಯ್ದ ಕುರಿಗಳು ಸಾಯಬಹುದು. ಇನ್ನು ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಈ ಭಾಗಕ್ಕೆ ಬಂದ ಮೇಲೆ ದಾರಿ ದಾಟುವ ಪೈಪುಗಳು ಹೆಚ್ಚಾಗಿವೆ. ಅವು ಎರಡೂವರೆ ಅಡಿ ಆಳದಲ್ಲಿರಬೇಕು, ತೋಡಿದ ಗುಂಡಿಯನ್ನು ಪದರ ಪದರವಾಗಿ ಬಡಿದು ಮುಚ್ಚಬೇಕು.

ಕೆಲಸಕ್ಕೆ ಬರಬೇಕಾದವರು ಯಾರು ಎಂಬುದು ತಂತ್ರಜ್ಞಾನಕ್ಕಿಂತ ಬಿಗಿಯಾದ ಪ್ರಶ್ನೆ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಪ್ರಾರಂಭವಾದಾಗ ಶ್ರಮದಾನಕ್ಕೆ ದೇಶದಾದ್ಯಂತ ಪ್ರಚಾರ ದೊರೆಯಿತು. ಒಳ್ಳೆಯ ಕೆಲಸಗಳೂ ಆದವು. ಆದರೆ ಅನೇಕ ಕಡೆ ಹೊಲ ಇದ್ದವರು ನಿಂತು ನೋಡಿದರು, ಹೊಲ ಇಲ್ಲದವರು ಬುಟ್ಟಿ ಹೊತ್ತರು. ಅದಕ್ಕೆ ಹಳೆಯ ಹೆಸರು ಬಿಟ್ಟಿ. ದ್ರಾಕ್ಷಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಈ ದಾರಿಯನ್ನು ದಿನವೂ ತುಳಿಯುತ್ತಾರೆ ನಿಜ. ಆದರೆ ದಾರಿ ಸುಧಾರಿಸಿದರೆ ಬೆಲೆ ಏರುವುದು ಒಡೆಯನ ಹೊಲಕ್ಕೆ, ಅವರ ಕೂಲಿಗಲ್ಲ. ಆದ್ದರಿಂದ ದಾರಿಗೆ ಹತ್ತಿದ ಪ್ರತಿ ಖಾತೆದಾರನ ಮನೆಯಿಂದ ಒಬ್ಬ ಆಳು ಬರಬೇಕು. ವಯಸ್ಸಾದವರು, ಊರಲ್ಲಿ ಇಲ್ಲದವರು ಬದಲಿಗೆ ಕೂಲಿ ಕೊಟ್ಟು ಆಳು ಕಳಿಸಬೇಕು. ಭೂಮಿ ಇಲ್ಲದವರನ್ನು ಕರೆದರೆ ಕೂಲಿ ಕೊಟ್ಟೇ ಕರೆಯಬೇಕು. ಕುರಿಗಾರರು ಆ ವೇಳೆಗೆ ಊರ ಸೀಮೆಯಲ್ಲಿದ್ದರೆ ಅವರಿಗೂ ಹೇಳಿ ಕಳಿಸಬೇಕು. ಮುಳ್ಳು ಕಡಿಯುವುದರಲ್ಲಿ ಅವರ ಕೈ ಚುರುಕು, ಯಾವ ಜಾಗದಲ್ಲಿ ಪ್ರಾಣಿಗಳು ಹಿಂಜರಿಯುತ್ತವೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಬಾರದವರಿಗೆ ದಂಡ ಹಾಕಬೇಕೆಂದು ಕೆಲವರು ಹೇಳುತ್ತಾರೆ. ಸ್ವಂತ ಇಚ್ಛೆಯ ಕೆಲಸಕ್ಕೆ ದಂಡ ಹಚ್ಚಿದರೆ ಅದು ಕಂದಾಯವಾಗುತ್ತದೆ, ವಸೂಲಿಗೆ ಮತ್ತೊಬ್ಬ ಬೇಕಾಗುತ್ತಾನೆ. ಅದರ ಬದಲು ದಾರಿಯನ್ನು ನೂರು ಹೆಜ್ಜೆಯ ತುಂಡುಗಳಾಗಿ ಹಂಚಿ, ಪ್ರತಿ ತುಂಡಿನ ನೀರುಬಾಯಿಗೆ ಹತ್ತಿರದ ಹೊಲದವನನ್ನು ಹೊಣೆ ಮಾಡುವುದು ಲೇಸು. ಮಳೆ ಬಂದಾಗ ಹೋಗಿ ಬಾಯಿ ಬಿಡಿಸುವುದು ಅವನ ಕೆಲಸ, ಹತ್ತು ನಿಮಿಷದ್ದು. ಬಾಯಿ ಕಟ್ಟಿದರೆ ಮೊದಲು ತೊಯ್ಯುವುದು ಅವನದೇ ಹೊಲವಾದ್ದರಿಂದ ಮತ್ತೆ ಮತ್ತೆ ಹೇಳಬೇಕಾಗುವುದಿಲ್ಲ.

ವರ್ಷಕ್ಕೆ ಎರಡು ಮುಂಜಾವು ಸಾಕು. ಮೊದಲನೆಯದು ಮೇ ತಿಂಗಳ ಅಡ್ಡಮಳೆಯ ನಂತರ, ಎರಡನೆಯದು ಹಿಂಗಾರಿ ಬಿತ್ತನೆ ಮುಗಿದು ಮಳೆ ಹಿಂದೆಗೆದ ಮೇಲೆ. ಬಿಸಿಲೇರುವ ಮೊದಲು ಮುಗಿಸುವಂತೆ ಆರು ಗಂಟೆಗೆ ಸೇರಬೇಕು. ಇಬ್ಬರಿಗೊಂದು ಗುದ್ದಲಿ, ಒಂದು ಸಲಿಕೆ, ಒಂದು ಬುಟ್ಟಿ, ಹತ್ತು ಜನಕ್ಕೆ ಎರಡು ಕೊಡಲಿ, ಅಳತೆಗೆ ಹಗ್ಗ, ಒಂದು ಕೊಡ ನೀರು ಇರಲಿ. ಕೆಲಸವನ್ನು ಊರ ಅಗಸಿಯಿಂದ ಪ್ರಾರಂಭಿಸುವುದು ವಾಡಿಕೆ, ಅದು ತಪ್ಪು ಕ್ರಮ. ಮೇಲಿನ ಭಾಗ ಮೊದಲು ತೋಡಿದರೆ ಆ ರಾತ್ರಿಯೇ ಮಳೆ ಬಂದು ಬಿಟ್ಟ ನೀರೆಲ್ಲ ಕೆಳಗಿನ ತೋಡದ ಭಾಗಕ್ಕೆ ನುಗ್ಗುತ್ತದೆ. ದಾರಿ ಹಳ್ಳ ಸೇರುವ ತಗ್ಗಿನ ತುದಿಗೆ ಎಲ್ಲರೂ ನಡೆದು ಹೋಗಿ, ಅಲ್ಲಿಯ ಬಾಯಿ ಮೊದಲು ಬಿಡಿಸಿ, ಅಲ್ಲಿಂದ ಊರ ಕಡೆ ತೋಡುತ್ತ ಬರಬೇಕು.